ಮತ್ತೆ ಮತ್ತೆ ನಿಲ್ಲುವ ಎಂಜಿನ್: ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ

ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನವರೆಗೆ ಸಂಘದ ಕಚೇರಿಗೆ ಬರುವ ಸದಸ್ಯರು ಮೊದಲು ಧಾರಣೆ ಕೇಳುತ್ತಾರೆ, ಆಮೇಲೆ ಮೈಲುತುತ್ತದ ದಾಸ್ತಾನು ಕೇಳುತ್ತಾರೆ, ಹೊರಡುವಾಗ ಬಾಗಿಲಲ್ಲಿ ನಿಂತು ತಮ್ಮ ಎಂಜಿನ್ನಿನ ಸುದ್ದಿ ಎತ್ತುತ್ತಾರೆ. "ಸ್ಟಾರ್ಟ್ ಏನೋ ಆಗ್ತದೆ ಮಾರಾಯ್ರೆ, ಹತ್ತು ನಿಮಿಷಕ್ಕೆ ನಿಂತುಬಿಡ್ತದೆ. ಸ್ವಲ್ಪ ಬಿಟ್ಟು ಎಳೆದರೆ ಮತ್ತೆ ಹತ್ತು ನಿಮಿಷ." ಒಬ್ಬರದು ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಇನ್ನೊಬ್ಬರದು ಕಳೆ ಕೊಚ್ಚುವ ಯಂತ್ರ, ಮತ್ತೊಬ್ಬರದು ಹಳ್ಳದಿಂದ ನೀರೆತ್ತುವ ಪಂಪು. ಯಂತ್ರ ಬೇರೆಯಾದರೂ ದೂರು ಒಂದೇ. ಪೂರ್ತಿ ಕೆಟ್ಟು ಕೂತ ಎಂಜಿನ್ ಅಷ್ಟಾಗಿ ಕಾಡುವುದಿಲ್ಲ, ಅದನ್ನು ಜೀಪಿಗೆ ಹಾಕಿ ಪೇಟೆಗೆ ಒಯ್ಯುತ್ತೇವೆ. ನಡೆದು ನಡೆದು ನಿಲ್ಲುವ ಎಂಜಿನ್ನೇ ತಲೆ ತಿನ್ನುವುದು. ಪೇಟೆಗೆ ಒಯ್ದ ದಿನ ಅದು ಮೆಕ್ಯಾನಿಕ್ಕಿನ ಎದುರು ಚೆನ್ನಾಗಿಯೇ ಓಡುತ್ತದೆ!

ಇದರ ನಷ್ಟ ಎಂಥದೆಂದು ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೊಂದು, 40-45 ದಿನ ಕಳೆದು ಇನ್ನೊಂದು ಸಿಂಪರಣೆ ಆಗಲೇಬೇಕು. ಆ ಎರಡನೆಯದಕ್ಕೆ ಸಿಗುವುದು ಎರಡೋ ಮೂರೋ ದಿನದ ಹೊಳವು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಕದಡಿದ ಬೋರ್ಡೋ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ಮರುದಿನಕ್ಕೆ ಇಟ್ಟರೆ ಅದು ಎಲೆಗೂ ಕಾಯಿಗೂ ಸರಿಯಾಗಿ ಅಂಟುವುದಿಲ್ಲ. ಕೊನೆಗಾರ ಮರದ ತುದಿಯಲ್ಲಿ ಗನ್ ಹಿಡಿದು ಕೂತಿರುವಾಗ ಕೆಳಗೆ ಎಂಜಿನ್ ನಿಂತರೆ ಅವನ ಸಂಬಳ, ಪೀಪಾಯಿಯಲ್ಲಿರುವ ದ್ರಾವಣ, ಕೈಗೆ ಬಂದ ಬಿಸಿಲು ಮೂರೂ ಹೋದವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು 1910ರಲ್ಲಿ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದಾಗ ಔಷಧಿ ಹೊಡೆಯುವುದಕ್ಕೆ ಮನುಷ್ಯನ ತೋಳೇ ಎಂಜಿನ್. ಕೈಯಿಂದ ಜಗ್ಗುವ ರಾಕರ್ ಪಂಪಿನ ಕಾಲವನ್ನು ನಮ್ಮಲ್ಲಿ ಬಹುಮಂದಿ ಕಂಡಿದ್ದೇವೆ. ಅದು ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಈಗ ಹಾಗೆ ಜಗ್ಗುವ ಜನರೂ ಇಲ್ಲ, ಆದ್ದರಿಂದ ಎಂಜಿನ್ನನ್ನು ಅರ್ಥ ಮಾಡಿಕೊಳ್ಳದೆ ನಮಗೆ ಬೇರೆ ದಾರಿಯಿಲ್ಲ.

ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠ ಸಿಕ್ಕಿದ್ದು ರಾಯಚೂರಿನ ಒಣ ಸೀಮೆಯಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಕಳೆದ ಅಕ್ಟೋಬರಿನಲ್ಲಿ ನಾವು ಮೂವರು ಬೆಳೆಗಾರರು ಕಾಫಿ ಕೊಯ್ಲಿಗೆ ಬರುವ ಕೆಲಸಗಾರರೊಡನೆ ಮಾತುಕತೆಗೆಂದು ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ನಾಲ್ಕು ದಿನ ತಿರುಗಿದೆವು. ಬಂದ ಕೆಲಸ ಅರ್ಧ ದಿನದಲ್ಲೇ ಮುಗಿಯಿತೆನ್ನಿ. ಉಳಿದ ಹೊತ್ತನ್ನು, ಹಳೆಯ ಚಾಳಿಯಂತೆ, ಹೊಲ ಗದ್ದೆ ನೋಡುತ್ತ ಕಳೆದೆವು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು ಜಿಲ್ಲೆ. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ. ನಕ್ಷೆ ನೋಡಿದವರಿಗೆ ಇಲ್ಲಿ ನೀರಿಗೇನು ಕಡಿಮೆ ಎನಿಸಬೇಕು. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆ 200 ಕಿ.ಮೀ.ಗೂ ಹೆಚ್ಚು ಉದ್ದದ್ದು, ಮಾನ್ವಿ ಇರುವುದು ಅದರ ಕೆಳಭಾಗದಲ್ಲಿ. ಮೇಲಿನವರು ಭತ್ತಕ್ಕೆ ಕುಡಿಸಿ ಬಿಟ್ಟ ಮೇಲೆ ಉಳಿದದ್ದು ಕೊನೆಯವರಿಗೆ. ನೀರು ಬಂದಾಗ ಬರುತ್ತದೆ, ಪಾಳಿ ಮುಗಿದರೆ ಹೋಗುತ್ತದೆ. ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿರುವ ತುಂಡು ಹೊಲಕ್ಕೆ ಎಂಜಿನ್ ಹಚ್ಚಿ ಎತ್ತಬೇಕು. ಅಕ್ಟೋಬರಿನಲ್ಲಿ ಭತ್ತ ತೆನೆ ಬಿಡುವ ಹೊತ್ತು. ಆ ರಾತ್ರಿ ಎಂಜಿನ್ ನಿಂತರೆ ಮುಂದಿನ ಪಾಳಿಯವರೆಗೆ ಗದ್ದೆ ಬಿರುಕು ಬಿಡುತ್ತ ಕಾಯಬೇಕು. ನಮ್ಮ ಹೊಳವಿನಂತೆಯೇ ಅವರ ಪಾಳಿ. ನಮಗೆ ಮಳೆ ಬಿಡುವ ಎರಡು ದಿನ, ಅವರಿಗೆ ನೀರು ಬರುವ ಎರಡು ರಾತ್ರಿ.

ರಾಯಚೂರು ಪೇಟೆಯಲ್ಲಿ, ಊರವರೆಲ್ಲ ಚಾಚಾ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ಕೊಬ್ಬರ ಅಂಗಡಿಯಲ್ಲಿ ನಾವು ಎರಡು ತಾಸು ಕೂತಿದ್ದೆವು. ದೇವದುರ್ಗದಿಂದ ಒಬ್ಬ ರೈತ ಪಂಪ್‌ಸೆಟ್ಟನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದ. ಇಳಿಸುವ ಮೊದಲೇ "ಕಾರ್ಬುರೇಟರ್ ಬಿಚ್ಚಿ ನೋಡ್ರಿ ಚಾಚಾ" ಎಂದ. ಚಾಚಾ ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ. "ಬಿಚ್ಚೂದು ಆಮ್ಯಾಗ ಐತಲ್ಲಪಾ. ಮದಲ ಹೆಂಗ ನಿಂತ್ತು ಹೇಳು. ಸತ್ತಂಗ ನಿಂತ್ತೋ, ಮಲಗಿದಂಗ ನಿಂತ್ತೋ, ಉಸುರು ಕಟ್ಟಿದಂಗ ನಿಂತ್ತೋ?" ಎಂದು ಕೇಳಿದರು. ರೈತ ಸ್ವಲ್ಪ ಯೋಚಿಸಿ, "ಉಸುರು ಕಟ್ಟಿದಂಗ, ಕರೀ ಹೊಗಿ ಬಿಟ್ಟು ನಿಂತ್ತು" ಎಂದ. ಚಾಚಾ ಗಾಳಿ ಸೋಸುವ ಡಬ್ಬಿಯ ಮುಚ್ಚಳ ತೆಗೆದರು. ಒಳಗಿನ ಸ್ಪಂಜು ಎರೆಮಣ್ಣಿನ ಧೂಳಿನಿಂದ ಇಟ್ಟಿಗೆಯಂತಾಗಿತ್ತು. ಕಾರ್ಬುರೇಟರಿಗೆ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ.

ಆ ಮೂರು ಮಾತುಗಳ ಆಧಾರದ ಮೇಲೆಯೇ ಈ ಲೇಖನ ಬರೆದಿದ್ದೇವೆ. ಸಣ್ಣ ಎಂಜಿನ್ನಿಗೆ ಬೇಕಾದದ್ದು ಮೂರೇ: ಎಣ್ಣೆ, ಗಾಳಿ, ಕಿಡಿ. ಇವುಗಳಲ್ಲಿ ಯಾವುದು ಕೈಕೊಟ್ಟಿತೆಂಬುದನ್ನು ಎಂಜಿನ್ ನಿಲ್ಲುವ ರೀತಿಯೇ ಹೇಳುತ್ತದೆ. ನಾವು ಅದನ್ನು ಕೇಳಿಸಿಕೊಳ್ಳದೆ ಸಿಕ್ಕ ಸ್ಕ್ರೂಗಳನ್ನೆಲ್ಲ ತಿರುಗಿಸುತ್ತೇವೆ. ಆಮೇಲೆ ಮೂಲ ದೋಷದ ಜೊತೆಗೆ ನಾವು ತಂದಿಟ್ಟ ದೋಷವೂ ಸೇರಿ ಮೆಕ್ಯಾನಿಕ್ಕಿಗೂ ದಿಕ್ಕು ತೋಚುವುದಿಲ್ಲ.

ಮಲಗಿದಂತೆ ನಿಲ್ಲುವುದು

ದನಿ ಕುಗ್ಗುತ್ತ, ಒಮ್ಮೆ ಏರುತ್ತ ಒಮ್ಮೆ ಇಳಿಯುತ್ತ, ಕೊನೆಗೆ ಸುಮ್ಮನಾಗುವ ಎಂಜಿನ್ನಿಗೆ ಎಣ್ಣೆ ಸಾಲುತ್ತಿಲ್ಲ. ನಮ್ಮ ಸದಸ್ಯರ ಎಂಜಿನ್ನುಗಳಲ್ಲಿ ಹೆಚ್ಚಿನವು ಈ ಜಾತಿಯವು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಹತ್ತು ನಿಮಿಷ ಓಡಿ ನಿಂತು, ಕಾಲು ಗಂಟೆ ಬಿಟ್ಟರೆ ಮತ್ತೆ ಓಡುವ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಟಾಂಕಿಯ ಮುಚ್ಚಳ. ಅದರಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಪೆಟ್ರೋಲ್ ಇಳಿದ ಹಾಗೆಲ್ಲ ಆ ಜಾಗಕ್ಕೆ ಗಾಳಿ ಬರುವುದು ಅದರಿಂದಲೇ. ನಮ್ಮಲ್ಲಿ ಸುಣ್ಣ ಮತ್ತು ಮೈಲುತುತ್ತದ ಹನಿ ಒಣಗಿ ಅದನ್ನು ಮುಚ್ಚುತ್ತದೆ, ಅಲ್ಲಿ ಧೂಳು ಮುಚ್ಚುತ್ತದೆ. ಗಾಳಿ ಬಾರದಿದ್ದರೆ ಟಾಂಕಿಯೊಳಗೆ ಎಳೆತ ಉಂಟಾಗಿ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಹೇಗೋ ಗಾಳಿ ನುಸುಳಿ ಮತ್ತೆ ಇಳಿಯುತ್ತದೆ. ಮಂಗಳೂರು ಹಂಚಿನ ಮನೆಯಲ್ಲಿ ಡಬ್ಬಿಯಿಂದ ಎಣ್ಣೆ ಬಗ್ಗಿಸುವವರಿಗೆ ಇದು ಗೊತ್ತು: ಒಂದೇ ತೂತು ಕೊರೆದರೆ ಗುಳುಗುಳು ಎಂದು ನಿಲ್ಲುತ್ತದೆ, ಎರಡು ಕೊರೆದರೆ ಹರಿಯುತ್ತದೆ. ನಿಂತ ಕೂಡಲೇ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿ. ಉಸ್ಸೆಂದು ಗಾಳಿ ಎಳೆದುಕೊಂಡು, ಹಗ್ಗ ಎಳೆದಾಗ ಎಂಜಿನ್ ಎದ್ದರೆ ರೋಗ ಸಿಕ್ಕಿತು. ಇದಕ್ಕೆ ಹಣ ಕೊಡಬೇಕಾಗಿಲ್ಲ, ಮುಚ್ಚಳವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು.

ಮುಚ್ಚಳ ಸರಿಯಿದ್ದರೆ ಎಣ್ಣೆಯ ದಾರಿಯನ್ನು ಮೇಲಿನಿಂದ ಕೆಳಕ್ಕೆ ಹಿಡಿದು ಬರಬೇಕು. ಎಂಜಿನ್ ಪೂರ್ತಿ ತಣಿದ ಮೇಲೆ, ಬಯಲಿನಲ್ಲಿ, ಬೀಡಿ ಸಿಗರೇಟು ಇಲ್ಲದಲ್ಲಿ, ಕಾರ್ಬುರೇಟರಿಗೆ ಬರುವ ನಳಿಕೆಯನ್ನು ಬಿಡಿಸಿ ಗಾಜಿನ ಬಾಟಲಿಗೆ ಇಳಿಬಿಡಿ. ಕೀಲಿ ತೆರೆದಾಗ ಧಾರೆಯಾಗಿ ಬೀಳಬೇಕು. ಮೊದಲಿನಿಂದಲೇ ತೊಟ್ಟಿಕ್ಕಿದರೆ ಟಾಂಕಿಯ ಬುಡದ ಜಾಲರಿ ಕಟ್ಟಿದೆ. ಚೆನ್ನಾಗಿ ಬಿದ್ದು ಒಂದೆರಡು ನಿಮಿಷಕ್ಕೆ ಸಣ್ಣಗಾದರೆ ಮತ್ತೆ ಮುಚ್ಚಳದ ಮೇಲೆಯೇ ಅನುಮಾನ. ಎರಡೂ ಅಲ್ಲದಿದ್ದರೆ ಮಾತ್ರ ಕಾರ್ಬುರೇಟರಿನ ಸರದಿ.

ಚೋಕ್ ಮುಚ್ಚಿದ್ದಾಗ ಓಡುವ, ತೆರೆದ ಕೂಡಲೇ ನಿಲ್ಲುವ ಎಂಜಿನ್ನಿನಲ್ಲಿ ಜೆಟ್ ಕಟ್ಟಿದೆಯೆಂದೇ ಹೆಚ್ಚಾಗಿ ತಿಳಿಯಬೇಕು. ಕಾರ್ಬುರೇಟರನ್ನು ಎಂಜಿನ್ನಿಗೆ ಬಿಗಿದ ಎರಡು ನಟ್ಟುಗಳು ಸಡಿಲವಾಗಿ, ಪಕ್ಕದಿಂದ ಕಳ್ಳಗಾಳಿ ನುಗ್ಗಿದರೂ ಹೀಗಾಗುತ್ತದೆ. ಆದ್ದರಿಂದ ಮೊದಲು ನಟ್ಟು ಬಿಗಿದು ನೋಡಿ. ಜೆಟ್ ಎಂದರೆ ಕೂದಲೆಳೆಯಷ್ಟು ಸಣ್ಣ ತೂತಿರುವ ಹಿತ್ತಾಳೆಯ ತುಣುಕು. ತಿಂಗಳುಗಟ್ಟಲೆ ಎಂಜಿನ್ನಿನಲ್ಲೇ ಉಳಿದ ಪೆಟ್ರೋಲ್ ಆರಿ ಅಂಟಿನಂತಾಗಿ ಆ ತೂತನ್ನು ಮುಚ್ಚುತ್ತದೆ. ಅದಕ್ಕೆ ಸೂಜಿ, ಜಡೆಪಿನ್ನು, ತಂತಿ ಹಾಕುವುದು ನಮ್ಮಲ್ಲಿ ರೂಢಿ. ಹಿತ್ತಾಳೆ ಮೃದು, ತೂತು ಒಂದಿಷ್ಟು ದೊಡ್ಡದಾದರೂ ಆ ಎಂಜಿನ್ ಮುಂದೆ ಜನ್ಮಪೂರ್ತಿ ಪೆಟ್ರೋಲ್ ಕುಡಿಯುತ್ತದೆ. ಕಾರ್ಬುರೇಟರ್ ತೊಳೆಯುವ ದ್ರಾವಣ ಬಿಟ್ಟು ಗಾಳಿ ಊದಿಸಿ. ಸೈಕಲ್ ಪಂಪಿನ ಗಾಳಿಯೂ ಆದೀತು.

ಪೆಟ್ರೋಲಿನಲ್ಲಿ ನೀರು

ಈ ಭಾಗವನ್ನು ಕಳೆ ಕೊಚ್ಚುವ ಯಂತ್ರ ಇಟ್ಟುಕೊಂಡ ಸದಸ್ಯರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಬಹುತೇಕ ಅದೇ ಆಯಿತು. ಕಬ್ಬು, ಜೋಳ ಬೆಳೆಯುವವರಿಗೆ ಇದರಿಂದ ಒಳ್ಳೆಯದಾಗಿದ್ದರೆ ಸಂತೋಷ, ಆ ಚರ್ಚೆಗೆ ನಾವು ಹೋಗುವುದಿಲ್ಲ. ನಮಗೆ ಮುಖ್ಯವಾದದ್ದು ಎಥನಾಲಿನ ಒಂದು ಗುಣ. ಹಳೆಯ ಪೆಟ್ರೋಲಿಗೆ ನೀರು ಬಿದ್ದರೆ ಅದು ಬೇರೆಯಾಗಿ ಬುಡದಲ್ಲಿ ಕೂರುತ್ತಿತ್ತು. ಎಥನಾಲ್ ಹಾಗಲ್ಲ, ಉಪ್ಪಿನ ಹಾಗೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಪೆಟ್ರೋಲಿನಲ್ಲೇ ಬೆರೆತಿರುತ್ತದೆ, ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಟಾಂಕಿಯಿಂದ ಎಂಜಿನ್ನಿಗೆ ಮೊದಲು ಹೋಗುವುದು ತಳದ್ದೇ.

ದಿನಾ ಓಡುವ ಬೈಕಿನಲ್ಲಿ ಇದು ಗೊತ್ತಾಗುವುದಿಲ್ಲ, ಪೆಟ್ರೋಲ್ ಹಳತಾಗುವ ಮೊದಲೇ ಖರ್ಚಾಗುತ್ತದೆ. ಮಳೆಗಾಲಕ್ಕೆ ಮೊದಲು ಅರ್ಧ ಟಾಂಕಿ ತುಂಬಿ, ಕಣದ ಪಕ್ಕದ ಕೊಟ್ಟಿಗೆಯಲ್ಲಿ ಎರಡು ತಿಂಗಳು ಇಟ್ಟ ಎಂಜಿನ್ನಿನ ಕಥೆ ಬೇರೆ. ಆಷಾಢದಲ್ಲಿ ಗೋಡೆಗೆ ನೇತುಹಾಕಿದ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ನಮ್ಮ ಹವೆಯಲ್ಲಿ ಆ ಅರ್ಧ ಖಾಲಿ ಟಾಂಕಿಯೊಳಗೆ ಏನಾಗುತ್ತದೆಂದು ಊಹಿಸಬಹುದು. ಹಳೆಯ ಎಂಜಿನ್ನುಗಳ ರಬ್ಬರ್ ನಳಿಕೆ, ಪೊರೆ, ವಾಷರುಗಳಿಗೂ ಎಥನಾಲ್ ಒಗ್ಗುವುದಿಲ್ಲ. ಅವು ಉಬ್ಬುತ್ತವೆ ಇಲ್ಲವೆ ಗಡುಸಾಗಿ ಸೀಳುತ್ತವೆ, ಆ ಸೀಳಿನಿಂದ ಗಾಳಿ ನುಗ್ಗುತ್ತದೆ.

ಪರೀಕ್ಷೆ ಸುಲಭ. ಕಾರ್ಬುರೇಟರಿನ ಬಟ್ಟಲಿನ ಬುಡದಲ್ಲಿ ಒಂದು ಬಿರಡೆ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಒಳಗಿರುವುದನ್ನು ತಿಳಿ ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರವೋ ಗುಂಡು ಹನಿಗಳೋ ಕಂಡರೆ ಟಾಂಕಿ, ನಳಿಕೆ, ಬಟ್ಟಲು ಎಲ್ಲವನ್ನೂ ಬರಿದು ಮಾಡಿ ಹೊಸ ಪೆಟ್ರೋಲ್ ಹಾಕಬೇಕು. ಹಳೆಯದಕ್ಕೆ ಹೊಸದನ್ನು ಬೆರೆಸಿ ಸರಿಮಾಡುತ್ತೇವೆನ್ನುವುದು ವ್ಯರ್ಥ ಪ್ರಯತ್ನ. ರಾಯಚೂರಿನ ಆ ಅಂಗಡಿಯ ಕಿಟಕಿಯಲ್ಲಿ ಇಂಥ ನಾಲ್ಕೈದು ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಗಿರಾಕಿ ನಂಬದಿದ್ದರೆ ಅವನದೇ ಬಾಟಲಿ ತೋರಿಸುವುದು. "ನಿಮ್ಮ ಕಡಿ ಮಳಿ ಬಾಳ, ನಿಮಗಂತೂ ಇದು ಬಿಟ್ಟಿದ್ದಲ್ಲ" ಎಂದು ಚಾಚಾ ನಮಗೆ ನಕ್ಕು ಹೇಳಿದರು.

ಆದ್ದರಿಂದ ಸಂಘದ ಸಲಹೆ: ಹದಿನೈದು ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ, ಬಾಯಿ ಬಿಗಿಯಾದ ಕ್ಯಾನಿನಲ್ಲಿ ಇಡಿ. ಎಂಜಿನ್ನನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಬಳಸುವುದಿಲ್ಲವೆಂದರೆ ಟಾಂಕಿ ಖಾಲಿ ಮಾಡಿ, ಉಳಿದದ್ದರಲ್ಲಿ ಅದು ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬಟ್ಟಲಿನ ಬಿರಡೆ ತೆಗೆದು ಕೊನೆಯ ಹನಿಯನ್ನೂ ಇಳಿಸಿ. ಫೋರ್ ಸ್ಟ್ರೋಕ್ ಎಂಜಿನ್ನಾದರೆ ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ಹಗ್ಗವನ್ನು ಬಿಗಿ ಹತ್ತುವವರೆಗೆ ಮೆಲ್ಲಗೆ ಎಳೆದು ಬಿಡಿ. ಕಾಫಿ ಬೀಜವನ್ನು ತೇವ ನೋಡಿ ಚೀಲಕ್ಕೆ ತುಂಬುವ ನಾವು ಎಂಜಿನ್ನಿಗೂ ಅಷ್ಟು ಮರ್ಯಾದೆ ತೋರಿಸಬಾರದೇಕೆ?

ಟೂ ಸ್ಟ್ರೋಕ್ ಯಂತ್ರದವರಿಗೆ ಒಂದು ಮಾತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಪ್ರಮಾಣವನ್ನು ಯಂತ್ರದ ಕೈಪಿಡಿ ನೋಡಿಯೇ ಬೆರೆಸಿ, ಪಕ್ಕದ ಮನೆಯವರನ್ನು ಕೇಳಿ ಅಲ್ಲ. ಒಂದಕ್ಕೆ 25 ಪಾಲು ಪೆಟ್ರೋಲಿಗೆ ಒಂದು ಪಾಲು, ಇನ್ನೊಂದಕ್ಕೆ 50ಕ್ಕೆ ಒಂದು. ಹೆಚ್ಚಾದರೆ ಪ್ಲಗ್ ಒದ್ದೆಯಾಗಿ ನಿಲ್ಲುತ್ತದೆ, ಕಡಿಮೆಯಾದರೆ ಪಿಸ್ಟನ್ನೇ ಹಿಡಿದುಕೊಂಡು ಸಾವಿರಗಟ್ಟಲೆ ಖರ್ಚು. ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪುಗಳು ಇನ್ನೂ ಕೆಲವರಲ್ಲಿವೆ. ಪೆಟ್ರೋಲಿನಲ್ಲಿ ಚೆನ್ನಾಗಿ ಕಾಯುವ ಮೊದಲೇ ಸೀಮೆಎಣ್ಣೆಗೆ ಬದಲಿಸಿದರೆ ಅವು ಮಲಗುತ್ತವೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಮರುದಿನ ಏಳುವುದಿಲ್ಲ. ಸೀಮೆಎಣ್ಣೆಯೇ ದುರ್ಲಭವಾದ ಈ ದಿನಗಳಲ್ಲಿ ಇದರ ಬಗ್ಗೆ ಹೆಚ್ಚು ಬರೆಯುವುದು ಬೇಡ.

ಸತ್ತಂತೆ ನಿಲ್ಲುವುದು

ಯಾರೋ ಸ್ವಿಚ್ ಒತ್ತಿದ ಹಾಗೆ, ದನಿ ಕುಗ್ಗದೆ ಒಂದೇ ಸಲ ನಿಂತರೆ ಎಣ್ಣೆಯನ್ನು ಬಿಟ್ಟು ಕಿಡಿಯ ಕಡೆ ನೋಡಬೇಕು. ಮಾನ್ವಿಯ ಹೊರಗೆ, ಒಂದು ಉಪಕಾಲುವೆಯ ಏರಿಯ ಮೇಲೆ ನಾವು ಕಂಡದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಹೊಸತೇ ಎನ್ನಬಹುದಾದ ಫೋರ್ ಸ್ಟ್ರೋಕ್ ಪಂಪು, ಎರಡು ನಿಮಿಷ ಓಡಿ ಟಪ್ಪೆಂದು ನಿಲ್ಲುತ್ತಿತ್ತು. ಹುಡುಗ ಪ್ಲಗ್ ಬದಲಿಸಿದ್ದ, ಪೆಟ್ರೋಲ್ ಬದಲಿಸಿದ್ದ. ಅವನ ಸೋದರಮಾವ ಬಂದು ಏರಿಯ ಇಳಿಜಾರನ್ನೂ ಎಂಜಿನ್ನನ್ನೂ ಒಮ್ಮೆ ನೋಡಿ, "ಅಳಿಯಾ, ಅದನ್ನ ನೆಟ್ಟಗ ಕುಂದರಸು ಮದಲ" ಎಂದರು. ಎರಡು ಬಂಡೆ ತಂದು ಒಂದು ಪಕ್ಕಕ್ಕೆ ಕೊಟ್ಟು ಮಟ್ಟ ಮಾಡಿದ ಮೇಲೆ ಪಂಪು ನಿಲ್ಲಲೇ ಇಲ್ಲ. ನಾವು ಅಲ್ಲಿ ಚಹಾ ಕುಡಿದು ಹೊರಟಾಗಲೂ ನೀರು ಹರಿಯುತ್ತಿತ್ತು.

ಇದರ ಗುಟ್ಟು ಹೀಗಿದೆ. ಈಚಿನ ಬಹಳಷ್ಟು ಫೋರ್ ಸ್ಟ್ರೋಕ್ ಎಂಜಿನ್ನುಗಳ ಒಳಗೆ ಆಯಿಲ್ ಮಟ್ಟ ನೋಡುವ ಒಂದು ತೇಲುಗುಂಡಿ ಇರುತ್ತದೆ. ಆಯಿಲ್ ಕಡಿಮೆಯಾದರೆ ಎಂಜಿನ್ ಹಾಳಾಗದಿರಲೆಂದು ಅದು ಕಿಡಿಯನ್ನೇ ಕಡಿದುಬಿಡುತ್ತದೆ. ಎಂಜಿನ್ ಓರೆಯಾಗಿ ಕೂತರೆ ಆಯಿಲ್ ಒಂದು ಬದಿಗೆ ಸರಿದು, ಸಾಕಷ್ಟಿದ್ದರೂ ಕಡಿಮೆಯೆಂದು ಅದಕ್ಕೆ ತೋರುತ್ತದೆ. ಮಾನ್ವಿಯಲ್ಲಿ ಕಾಲುವೆಯ ಏರಿಯೊಂದೇ ಓರೆ. ನಮ್ಮಲ್ಲಿ ಇಡೀ ತೋಟವೇ ಓರೆ! ಸ್ಪ್ರೇಯರ್ ಇಡುವ ಜಾಗಗಳನ್ನು ಹಾರೆಯಿಂದ ಮಟ್ಟ ಮಾಡಿ ಇಟ್ಟುಕೊಂಡರೆ ವರ್ಷವರ್ಷವೂ ಉಪಯೋಗಕ್ಕೆ ಬರುತ್ತದೆ. ಆಯಿಲನ್ನೂ ಮಟ್ಟದ ನೆಲದ ಮೇಲೇ ಅಳೆಯಬೇಕು. ಬಹುಪಾಲು ಕೈಪಿಡಿಗಳ ಪ್ರಕಾರ ಹೊಸ ಎಂಜಿನ್ನಿನ ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಬೇಕು. ಆ ತೇಲುಗುಂಡಿಯ ತಂತಿಯನ್ನು ಕತ್ತರಿಸಿದರೆ ಕಾಟ ತಪ್ಪುತ್ತದೆಂದು ಸಲಹೆ ಕೊಡುವವರಿದ್ದಾರೆ. ಕಾಟವೇನೋ ತಪ್ಪುತ್ತದೆ, ಎಂಜಿನ್ನೂ ತಪ್ಪುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಓರೆಯೂ ಅಲ್ಲ, ಆಯಿಲೂ ಸರಿಯಿದೆ ಎಂದಾದರೆ ಪ್ಲಗ್ಗಿನ ಟೋಪಿ, ಸ್ವಿಚ್ಚಿನಿಂದ ಬರುವ ತಂತಿ ಇವುಗಳನ್ನು ಬೆರಳಿನಲ್ಲಿ ಹಿಡಿಯುತ್ತ ಹೋಗಿ. ಅಲುಗಾಟದಿಂದ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗಿದರೆ ಸಾಕು, ನಡುನಡುವೆ ನಿಲ್ಲುತ್ತದೆ. ಗೋದಾಮಿನ ಇಲಿಗಳಿಗೆ ಈ ತಂತಿಯೆಂದರೆ ಏನು ರುಚಿಯೋ ತಿಳಿಯದು. ಮಂಜಿನ ಬೆಳಗಿನಲ್ಲಿ ಟೋಪಿಯೊಳಗೆ ಪಸೆ ಸೇರಿದರೂ ಕಿಡಿ ದಾರಿ ತಪ್ಪುತ್ತದೆ, ಒಣ ಬಟ್ಟೆಯಿಂದ ಒರೆಸಿ. ಕಿಡಿಯನ್ನು ನೋಡಬೇಕೆಂದರೆ ಬಿಚ್ಚಿದ ಪ್ಲಗ್ಗಿಗೆ ಟೋಪಿ ಹಾಕಿ, ಅದರ ಕಬ್ಬಿಣದ ಭಾಗವನ್ನು ಪ್ಲಗ್ಗಿನ ರಂಧ್ರದಿಂದ ದೂರಕ್ಕೆ ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆಯಿರಿ. ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಬಂದರೆ ಸರಿ, ಹಳದಿಯಾಗಿ ಬಡಕಲಾಗಿ ಬಂದರೆ ಹೊಸ ಪ್ಲಗ್ ಹಾಕಿ ನೋಡಿ. ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಇರಬೇಕು.

ಪ್ಲಗ್ ಬಿಚ್ಚಿದಾಗ ಅದರ ತುದಿಯ ಬಣ್ಣವನ್ನು ಓದಲು ಕಲಿಯುವುದು ಒಳ್ಳೆಯದು. ನಸುವಾಗಿ ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಎಂಜಿನ್ನಿನ ಆರೋಗ್ಯ ಚೆನ್ನಾಗಿದೆ. ಒಣಮಸಿ ಕಟ್ಟಿದ್ದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಬೂದಿಯಂತೆ ಬಿಳಿಚಿದ್ದರೆ ಎಣ್ಣೆ ಸಾಲದೆ ಒಳಗೆ ಕಾವು ಏರಿದೆ. ಹುರಿದ ಬೀಜದ ಹದ ಕಣ್ಣಿನಿಂದಲೇ ಹೇಳುವ ನಮ್ಮವರಿಗೆ ಇದೇನೂ ಕಷ್ಟದ ವಿದ್ಯೆಯಲ್ಲ.

ಬಿಸಿಯಾದ ಮೇಲೆಯೇ ಸತ್ತಂತೆ ನಿಂತು, ತಣಿದ ಮೇಲೆಯೇ ಏಳುವ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಕಾಯಿಲ್ ದಣಿದಿರಬಹುದು. ನಿಂತ ತಕ್ಷಣವೇ ಕಿಡಿ ಪರೀಕ್ಷಿಸಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ, ಅರ್ಧ ಗಂಟೆ ಬಿಟ್ಟು ನೋಡಿದರೆ ಕಿಡಿ ಚೆನ್ನಾಗಿಯೇ ಇರುತ್ತದೆ. ಮೆಕ್ಯಾನಿಕ್ಕಿನ ಎದುರು ಸಾಧುವಾಗುವ ಎಂಜಿನ್ನುಗಳಲ್ಲಿ ಇವೂ ಸೇರಿವೆ. ಹಗ್ಗ ಎಳೆಯುವಾಗ ಮೊದಲಿನ ಬಿಗಿ ಇಲ್ಲದೆ ಸಡಿಲವಾಗಿ ಬರುತ್ತಿದ್ದರೆ ವಾಲ್ವುಗಳ ಸಂದು ಮುಗಿದಿರುತ್ತದೆ ಅಥವಾ ರಿಂಗು ಸವೆದಿರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಉಸಿರು ಕಟ್ಟಿದಂತೆ ನಿಲ್ಲುವುದು

ಖಾಲಿ ಓಡುವಾಗ ಸರಿಯಾಗಿದ್ದು, ಗನ್ ತೆರೆದ ಕೂಡಲೇ ಅಥವಾ ಪಂಪು ನೀರು ಹಿಡಿದ ಕೂಡಲೇ ಕಪ್ಪು ಹೊಗೆ ಉಗುಳಿ ನಿಂತರೆ ಗಾಳಿಯ ದಾರಿ ಕಟ್ಟಿದೆ. ದೇವದುರ್ಗದ ರೈತರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದಾರೆ, ಆಗಲೇಬೇಕು. ಒಣಗಿದ ಎರೆನೆಲದ ಧೂಳು ಗಂಧದ ಪುಡಿಗಿಂತ ನುಣುಪು, ಹತ್ತಿ ಬಿಡಿಸುವ ಕಾಲದಲ್ಲಿ ಅದರ ಜೊತೆ ಹತ್ತಿಯ ಎಳೆಯೂ ಹಾರಾಡುತ್ತದೆ. ಅಲ್ಲಿ ನಾವು ಕಂಡ ಒಬ್ಬ ಹೆಣ್ಣುಮಗಳು ದಿನಾ ಸಂಜೆ ಪಾತ್ರೆ ತಿಕ್ಕುವಾಗಲೇ ಎಂಜಿನ್ನಿನ ಸ್ಪಂಜನ್ನೂ ತೊಳೆದು ಹಗ್ಗಕ್ಕೆ ಹಾಕುತ್ತಿದ್ದರು. ಸ್ಪಂಜನ್ನು ಸಾಬೂನು ನೀರಿನಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ಎರಡು ಹನಿ ಶುದ್ಧ ಆಯಿಲ್ ಸವರಿ ಹಾಕಬೇಕು. ಕಾಗದದ ಸೋಸಕವನ್ನು ಮಾತ್ರ ತೊಳೆಯಬಾರದು. ತಟ್ಟಿ ಧೂಳು ಉದುರಿಸಿ, ತೀರ ಹಾಳಾಗಿದ್ದರೆ ಹೊಸತು ಹಾಕಿ. ಸೋಸಕ ತೆಗೆದು ಓಡಿಸಿದರೆ ಎಂಜಿನ್ ಚುರುಕಾಗುತ್ತದೆಂದು ಕೆಲವರು ಹಾಗೇ ಬಿಡುತ್ತಾರೆ. ಒಂದು ಹಂಗಾಮು ಚುರುಕಾಗಿಯೇ ಇರುತ್ತದೆ, ಎರಡನೆಯ ಹಂಗಾಮಿಗೆ ರಿಂಗು ಸವೆದು ಮೇಲೆ ಹೇಳಿದ ಸಡಿಲ ಹಗ್ಗ ಕೈಗೆ ಬರುತ್ತದೆ.

ಎಂಜಿನ್ನಿನ ಮೈಮೇಲಿನ ರೆಕ್ಕೆಗಳಿಗೂ ಗಾಳಿ ಬೇಕು. ಅವುಗಳ ನಡುವೆ ಅಲ್ಲಿ ಧೂಳು, ಇಲ್ಲಿ ಸುಣ್ಣದ ಪೊರೆ ಮತ್ತು ಒಣಹುಲ್ಲು. ಕಾವು ಹೊರಹೋಗದಿದ್ದರೆ ಪೆಟ್ರೋಲ್ ನಳಿಕೆಯಲ್ಲೇ ಆವಿಯಾಗಿ ದಾರಿ ಕಟ್ಟುತ್ತದೆ. ರಾಯಚೂರಿನ ಬೇಸಗೆಯಲ್ಲಿ ಪಾರೆ 40 ಡಿಗ್ರಿ ದಾಟುವುದು ಸಾಮಾನ್ಯ, ಆಗ ಎಂಜಿನ್ನಿಗೆ ಗೋಣಿಯ ನೆರಳು ಕಟ್ಟಿ ಓಡಿಸುತ್ತಾರೆ. ನಮಗೆ ನೆರಳಿಗೇನೂ ಕೊರತೆಯಿಲ್ಲ, ಒಂದು ಬ್ರಷ್ ಹಿಡಿದು ರೆಕ್ಕೆ ತಿಕ್ಕಿದರಾಯಿತು.

ಡೀಸೆಲ್ ಪಂಪಿನಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ, ಅದು ನಿಲ್ಲುವುದೆಲ್ಲ ಮಲಗಿದಂತೆಯೇ. ಟಾಂಕಿ ಒಮ್ಮೆ ಪೂರ್ತಿ ಬರಿದಾದರೆ ನಳಿಕೆಯಲ್ಲಿ ಗಾಳಿ ಕೂರುತ್ತದೆ. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೇ ಡೀಸೆಲ್ ಬರುವವರೆಗೆ ಪಂಪು ಮಾಡಿ ಬಿಗಿಯಬೇಕು.

ಇನ್ನೊಂದು ಅಗತ್ಯದ ಸಂಗತಿ. ಮಳೆಗೆ ಹೆದರಿ ಎಂಜಿನ್ನನ್ನು ಕೊಟ್ಟಿಗೆಯೊಳಗೆ, ನೀರು ಹತ್ತಿರವಾಗಲೆಂದು ಬಾವಿಯ ಗುಂಡಿಯೊಳಗೆ ಇಟ್ಟು ಓಡಿಸುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿಂತ ಎಂಜಿನ್ನನ್ನು ನೋಡಲು ಗುಂಡಿಗೆ ಇಳಿದವರು ಮೇಲೆ ಬರುವುದಿಲ್ಲ, ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ಎಂಜಿನ್ ಯಾವಾಗಲೂ ಬಯಲಿನಲ್ಲೇ ಇರಲಿ, ಮಳೆಗೆ ಮೇಲೊಂದು ತಗಡು ಸಾಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕುವುದನ್ನೂ ಬಿಡಬೇಕು. ಹೊಳವು ಎಷ್ಟೇ ಅವಸರದ್ದಾಗಿರಲಿ, ಹತ್ತು ನಿಮಿಷ ತಣಿಯಲು ಬಿಡಿ, ಅಷ್ಟರಲ್ಲಿ ಕೊನೆಗಾರನೂ ಇಳಿದು ಎಲೆಯಡಿಕೆ ಹಾಕಿಕೊಳ್ಳಲಿ.

ಈ ಸಲ ಮುಂಗಾರಿಗೆ ಮೊದಲು ಎಂಜಿನ್ನುಗಳನ್ನು ಸಂಘದ ಅಂಗಳಕ್ಕೆ ತರುವ ಸದಸ್ಯರು ಎರಡು ವಸ್ತುಗಳನ್ನು ಜೊತೆಗೆ ತರಬೇಕೆಂದು ವಿನಂತಿ. ಒಂದು, ಅದೇ ಟಾಂಕಿಯಿಂದ ಇಳಿಸಿದ ಪೆಟ್ರೋಲ್, ಗಾಜಿನ ಬಾಟಲಿಯಲ್ಲಿ. ಇನ್ನೊಂದು, ಅರ್ಧ ಹಾಳೆಯ ಚೀಟಿ: ಎಷ್ಟು ಹೊತ್ತು ಓಡಿ ನಿಂತಿತು, ಸತ್ತಂತೆಯೋ ಮಲಗಿದಂತೆಯೋ ಉಸಿರು ಕಟ್ಟಿದಂತೆಯೋ, ಎಷ್ಟು ಹೊತ್ತು ಬಿಟ್ಟ ಮೇಲೆ ಎದ್ದಿತು. ಎಂಜಿನ್ ನಿಂತಾಗ ಪಕ್ಕದಲ್ಲಿದ್ದ ಕೆಲಸಗಾರನನ್ನು ಕೇಳಿ ಬರೆದರೆ ಉತ್ತಮ. ಸ್ಕ್ರೂಗಳನ್ನು ಮುಟ್ಟದೆ ತಂದರೆ ಇನ್ನೂ ಉತ್ತಮ.